ಒಂಬತ್ತು ವರ್ಷ ಯಾರಿಗೂ ಕಾಣದ ಅಪ್ಪ

ನಮ್ಮ ಸಭೆಯ ಭಾನುವಾರ ಶಾಲೆಯ ಮೇಲ್ವಿಚಾರಕನ ಕೆಲಸದಿಂದ ನನ್ನನ್ನು ತೆಗೆದುಹಾಕಿದರು ಎಂದು ಊರಲ್ಲಿ ಸುದ್ದಿಯಿದೆ. ಅದು ಸುಳ್ಳು. ನಾನೇ ಬಿಟ್ಟೆ. ಬಿಡದಿದ್ದರೆ ತೆಗೆದುಹಾಕುತ್ತಿದ್ದರು ಎನ್ನುವುದು ಬೇರೆ ಮಾತು. ಇಪ್ಪತ್ತೆರಡು ವರ್ಷ ನಾನು ಆ ಕುರ್ಚಿಯಲ್ಲಿ ಕೂತಿದ್ದೆ. ಪ್ರತಿ ಭಾನುವಾರ ಆರಾಧನೆಗೆ ಮುಂಚೆ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ, ಹಲ್ಲು ಬೀಳದ ಮಕ್ಕಳನ್ನು ಸಾಲಾಗಿ ಕೂರಿಸಿ, “ಈ ವಾರ ಪರಲೋಕದ ಒಳಗೆ ಯಾರ್ಯಾರನ್ನ ನೋಡಿದ್ರಿ?” ಎಂದು ಕೇಳುವುದು, ಅವರು ಹೇಳಿದ್ದನ್ನು ದರ್ಶನದ ಪುಸ್ತಕದಲ್ಲಿ ಬರೆದುಕೊಂಡು ಸಭೆಯ ಮುಂದೆ ಓದುವುದು. ಯಾರಾದರೂ ಮೊದಲ ಸಲ ಕಂಡಿದ್ದರೆ, ಕಂಡ ಮಗುವನ್ನೇ ಮುಂದೆ ನಿಲ್ಲಿಸಿ ಹೇಳಿಸುವುದು. ಇಷ್ಟೇ ಕೆಲಸ. ಇಷ್ಟಕ್ಕೇ ನಾನು ಒಂದು ಕರಿ ಕೋಟು ಹೊಲಿಸಿಕೊಂಡಿದ್ದೆ.

ನಮ್ಮೂರಿನ ಮಕ್ಕಳು ಮಾತು ಬಂದಾಗಿನಿಂದ ಮೊದಲ ಹಾಲುಹಲ್ಲು ಬೀಳುವವರೆಗೆ ಮಧ್ಯಾಹ್ನದ ನಿದ್ದೆಯಲ್ಲಿ ಪರಲೋಕಕ್ಕೆ ಹೋಗಿಬರುತ್ತಾರೆ. ಹಲ್ಲು ಬಿತ್ತೆಂದರೆ ಹೋಗುವುದೂ ನಿಲ್ಲುತ್ತದೆ, ಹೋಗಿದ್ದೂ ಮರೆತುಹೋಗುತ್ತದೆ. ಹಾಗಾಗಿ ಒಂದು ಗಂಟೆಯಿಂದ ಮೂರರವರೆಗೆ ಹಿಟ್ಟಿನ ಗಿರಣಿ ಓಡುವುದಿಲ್ಲ. ಬಸ್ಸು ಊರ ಹೊರಗಿನ ಇಳಿಜಾರಿನಲ್ಲಿ ಎಂಜಿನ್ ಆರಿಸಿ, ಉರುಳಿಕೊಂಡೇ ನಿಲ್ದಾಣಕ್ಕೆ ಬರುತ್ತದೆ. ಹೋಗಿಬಂದ ಮಕ್ಕಳಿಗೆ ವಿಪರೀತ ಹಸಿವು. ಮೂರು ಗಂಟೆಗೆ ಸರಿಯಾಗಿ ಎಲ್ಲ ಮನೆಗಳಲ್ಲೂ ಅವಲಕ್ಕಿಯೋ ಬನ್ನೋ ಸಿದ್ಧವಾಗಿರಬೇಕು. ಪಕ್ಕದ ಬೀದಿಯ ಹಿಂದೂ ಮನೆಗಳ ಮಕ್ಕಳೂ ಹೋಗುತ್ತಾರೆ. ಅವರು ಹೋಗುವುದು ಎಲ್ಲಿಗೆ ಎಂದು ನಾವು ಕೇಳುವುದಿಲ್ಲ, ನಮ್ಮವರು ಹೋಗುವುದು ಎಲ್ಲಿಗೆ ಎಂದು ಅವರೂ ಕೇಳುವುದಿಲ್ಲ. ಆದರೂ ಆಗಾಗ ಬೇಲಿಯಾಚೆಯಿಂದ, “ನಿಮ್ಮ ಮಾರ್ಥಮ್ಮ ಸಿಕ್ಕಿದ್ರಂತೆ ಕಣ್ರೀ, ಮೊಣಕಾಲು ನೋವು ವಾಸಿಯಾಗಿದೆಯಂತೆ” ಎಂದು ಸುದ್ದಿ ಬರುತ್ತದೆ.

ಕೇಳುವ ಕಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ನಂಬಿದ್ದೆ ಏನು, ಮದುವೆ ಮನೆಗಳಲ್ಲಿ ಊಟಕ್ಕೆ ಕೂತಾಗ ಎಡಬಲದವರಿಗೆ ಹೇಳುತ್ತಲೂ ಇದ್ದೆ. ಮಕ್ಕಳು ಹೇಳುವುದೆಲ್ಲ ಓದುವ ಹಾಗಿರುವುದಿಲ್ಲ. ಒಂದು ಮಗು, “ಸೂಸಮ್ಮಜ್ಜಿ ಅಲ್ಲಿ ಯಾರದೋ ತಲೆಯಿಂದ ಹೇನು ತೆಗೀತಿದ್ರು” ಎಂದಿತು. ನಾನು “ಪರರ ಸೇವೆಯಲ್ಲಿ ನಿರತರಾಗಿದ್ದರು” ಎಂದು ಬರೆದೆ. ಇನ್ನೊಂದು ಮಗು, “ತುಂಬಾ ಜನ ಸುಮ್ನೆ ಬಿದ್ಕೊಂಡಿದ್ರು” ಎಂದಿತು. ನಾನು “ನಿತ್ಯ ವಿಶ್ರಾಂತಿಯಲ್ಲಿದ್ದರು” ಎಂದು ಬರೆದೆ. ಮನೆಯವರು ಹೇಳಿಕೊಟ್ಟು ಕಳಿಸಿದ ಮಕ್ಕಳನ್ನಂತೂ ಬಾಗಿಲಲ್ಲೇ ಗುರುತು ಹಿಡಿಯುತ್ತಿದ್ದೆ. ಟೈಲರ್ ಅಬೇಲನ ಮೊಮ್ಮಗ ಒಮ್ಮೆ, “ನಮ್ಮ ಮುತ್ತಾತ ಮಹಿಮೆಯ ಪ್ರಭೆಯಲ್ಲಿ ಹೊಳೆಯುತ್ತಿದ್ದರು” ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ. ಮೂರು ವರ್ಷದ ಮಗುವಿಗೆ ಪ್ರಭೆ ಎಲ್ಲಿ ಸಿಗಬೇಕು? ಅಬೇಲನನ್ನು ಕರೆಸಿ ಅರ್ಧ ಗಂಟೆ ಬೈದೆ. ನಿಜವಾಗಿ ಹೋಗಿಬಂದ ಮಗು ಯಾವಾಗಲೂ ಸತ್ತವರ ಒಂದು ಕುಂದು ಹೇಳುತ್ತದೆ, ಬೆನ್ನು ಕೆರೆದುಕೊಳ್ಳುತ್ತಿದ್ದರು, ಅಂಗಿಯ ಗುಂಡಿ ಕಿತ್ತುಹೋಗಿತ್ತು, ಹೀಗೆ ಏನೋ ಒಂದು. ಕುಂದಿಲ್ಲದ ದರ್ಶನ ಸುಳ್ಳು ದರ್ಶನ. ಈ ಸೂತ್ರ ನನ್ನದೇ.

ಇಷ್ಟೆಲ್ಲ ಇದ್ದರೂ ನನಗೊಂದು ದೊಡ್ಡ ಅವಮಾನವಿತ್ತು. ನನ್ನ ಅಪ್ಪ ಯಾರಿಗೂ ಕಂಡಿರಲಿಲ್ಲ. ಅಪ್ಪನೆಂದರೆ ಯಾರೋ ಅಲ್ಲ, ಉಪದೇಶಿ ತಿಮೊಥೆಯಪ್ಪ. ಮೂವತ್ತು ವರ್ಷ ಈ ಸಭೆಯಲ್ಲಿ ಬೋಧಿಸಿದವರು, ಅರ್ಧ ಊರಿಗೆ ಕೀರ್ತನೆ ಕಲಿಸಿದವರು, ಬೀಡಿ ಸೇದುವವರನ್ನು ಅಟ್ಟಿಸಿಕೊಂಡು ಹೋದವರು. ಅವರು ಸತ್ತು ಒಂಬತ್ತು ವರ್ಷವಾದರೂ ಒಂದೇ ಒಂದು ಮಗು ಅವರನ್ನು ನೋಡಿದೆನೆಂದು ಹೇಳಲಿಲ್ಲ. ಬೇಕರಿಯ ಯೋನಾ, ಬದುಕಿದ್ದಷ್ಟು ದಿನವೂ ಸಂಜೆ ಆರರ ನಂತರ ಸ್ವಂತ ಕಾಲಮೇಲೆ ನಿಂತವನಲ್ಲ, ಸತ್ತ ಎಂಟನೆಯ ದಿನಕ್ಕೇ ಕಂಡ. ಕಡಲೆಕಾಯಿ ಸುಲಿದು ಮಕ್ಕಳಿಗೆಲ್ಲ ಹಂಚುತ್ತಿದ್ದನಂತೆ. ಅವನ ಹೆಸರನ್ನು ಸಭೆಯ ಮುಂದೆ ನಾನೇ ಓದಬೇಕಾಯಿತು. ಜನ ಒಳ್ಳೆಯವರು, ಎದುರಿಗೆ ಏನೂ ಅನ್ನುತ್ತಿರಲಿಲ್ಲ. “ಪರಲೋಕ ಅಂದ್ರೆ ಸಣ್ಣ ಜಾಗವಾ ನೆಹೆಮೀಯ ಮೇಷ್ಟ್ರೇ? ಎಲ್ಲೋ ಹಿಂದ್ಗಡೆ ಇರ್ತಾರೆ” ಎನ್ನುತ್ತಿದ್ದರು. ಆ ಹಿಂದ್ಗಡೆ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅಪ್ಪ ಜೀವಮಾನದಲ್ಲಿ ಎಂದೂ ಹಿಂದೆ ಕೂತವರಲ್ಲ.

ಅಮ್ಮ ಮಾತ್ರ ಈ ವಿಷಯದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅಮ್ಮನ ಹೆಸರು ದೊರ್ಕಮ್ಮ. ಎಪ್ಪತ್ತನಾಲ್ಕು ವರ್ಷ, ಎದೆ ದುರ್ಬಲ. ಅಪ್ಪ ಕಂಡರೇ ಎಂದು ಅವಳು ಯಾವತ್ತೂ ಕೇಳಲಿಲ್ಲ. ದುಃಖ ನುಂಗಿಕೊಂಡಿದ್ದಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಅವಳು ಸಾವಿಗೆ ಎಷ್ಟು ಸಿದ್ಧಳಾಗಿದ್ದಳೆಂದರೆ, ಹೂಳುವಾಗ ಉಡಿಸಬೇಕಾದ ಬಿಳಿ ಸೀರೆಯನ್ನು ತಾನೇ ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದಳು. ಮಾತ್ರೆ ಕೊಟ್ಟರೆ, “ಯಾಕೋ ಇದೆಲ್ಲ? ಕರೆದಾಗ ಹೋಗೋದಪ್ಪ” ಎಂದು ನಗುತ್ತಿದ್ದಳು. ಗಂಡನಿಲ್ಲದ ಈ ಲೋಕದಲ್ಲಿ ಬೇಸರ ಬಂದಿದೆ ಎಂದು ನಾನು ಅದಕ್ಕೂ ಅರ್ಥ ಹಚ್ಚಿದ್ದೆ. ಅರ್ಥ ಹಚ್ಚುವುದರಲ್ಲಿ ನನಗೆ ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ.

ನನ್ನ ಮಗಳು ಸಲೋಮಿ ಹುಟ್ಟಿದಾಗ ನನ್ನ ಆಸೆ ಚಿಗುರಿತು. ಮೊಮ್ಮಗಳಿಗೆ ಕಾಣದೆ ಹೋಗುತ್ತಾರೆಯೇ? ಅವಳಿಗೆ ಮಾತು ಬಂದ ದಿನದಿಂದ, ದಿನವೂ ಮಲಗುವ ಮುಂಚೆ ಗೋಡೆಯ ಮೇಲಿನ ಅಪ್ಪನ ಫೋಟೋ ತೋರಿಸುತ್ತಿದ್ದೆ. ಎದ್ದ ಕೂಡಲೇ, ಬಾಯಿಗೆ ಅವಲಕ್ಕಿ ಬೀಳುವ ಮೊದಲೇ, “ಒಳಗೆ ಅಜ್ಜ ಇದ್ರಾ?” ಎಂದು ಕೇಳುತ್ತಿದ್ದೆ. “ಇಲ್ಲಪ್ಪ” ಎನ್ನುತ್ತಿದ್ದಳು. ಮೂರು ವರ್ಷ ಹೀಗೇ ನಡೆಯಿತು. ಒಂದು ದಿನ ಚಪಾತಿ ಕಚ್ಚುವಾಗ ಅವಳ ಕೆಳಗಿನ ಹಲ್ಲು ಅಲ್ಲಾಡಿತು. ನನ್ನ ಜೀವವೂ ಅಲ್ಲಾಡಿತು.

ಆಗ ನನ್ನ ತಲೆಗೆ ಹೊಳೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಆವತ್ತು ಆಗಲಿಲ್ಲ. ಹಲ್ಲು ಇನ್ನು ಹೆಚ್ಚೆಂದರೆ ಎರಡು ಮೂರು ವಾರ. ಬಿದ್ದ ಮೇಲೆ ಅವಳನ್ನು ಯಾರೂ ಮರುಪ್ರಶ್ನೆ ಮಾಡುವ ಹಾಗಿಲ್ಲ, ಏಕೆಂದರೆ ಅವಳಿಗೇ ನೆನಪಿರುವುದಿಲ್ಲ. ಸುಳ್ಳು ಹೇಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದಿಲ್ಲ. ನಾಲ್ಕು ದಿನ ಹಿತ್ತಲಿನಲ್ಲಿ ಕೂರಿಸಿಕೊಂಡು ಹೇಳಿಕೊಟ್ಟೆ. ಅಜ್ಜ ಒಳಗಿದ್ದರು, ಕರಿ ಕೋಟು ಹಾಕಿಕೊಂಡಿದ್ದರು, ಕೀರ್ತನೆ ಹಾಡಿಸುತ್ತಿದ್ದರು. ನನ್ನದೇ ಸೂತ್ರದ ಪ್ರಕಾರ ಒಂದು ಕುಂದನ್ನೂ ಸೇರಿಸಿದೆ: ಕೋಟಿನ ತೋಳಿಗೆ ಸುಣ್ಣ ಮೆತ್ತಿತ್ತು. ಆ ಸುಣ್ಣದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ನನ್ನ ಹೆಂಡತಿ ವಿಮಲಾ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡು, “ರೀ, ಮಗು ಬಾಯಲ್ಲಿ ಸುಳ್ಳು ಯಾಕ್ರೀ ಹೇಳಿಸ್ತೀರ?” ಎಂದಳು. “ಸುಳ್ಳಲ್ಲ ಕಣೇ, ತಡವಾಗಿ ಬಂದ ನಿಜ. ಅಮ್ಮ ಸಮಾಧಾನದಿಂದ ಕಣ್ಣು ಮುಚ್ಚಬೇಡವಾ?” ಎಂದೆ. ಅವಳು ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಬೋರಲು ಹಾಕಿ ಒಳಗೆ ಹೋದಳು.

ಭಾನುವಾರ ಸಲೋಮಿ ನನ್ನ ಹೆಸರು ಉಳಿಸಿದಳು. ಗುಲಾಬಿ ಬಣ್ಣದ ಫ್ರಾಕು ಹಾಕಿಕೊಂಡು ಸಭೆಯ ಮುಂದೆ ನಿಂತು, ತಡವರಿಸದೆ, ಅತಿಯಾಗಿಯೂ ಹೇಳದೆ, ಸುಣ್ಣದ ಹತ್ತಿರ ಬಂದಾಗ ತನ್ನ ತೋಳನ್ನೇ ತೋರಿಸಿ ಹೇಳಿದಳು. ನನಗೇ ನಂಬಿಕೆ ಬಂತು. ಸಭಾಪಾಲಕರಾದ ಜಯಶೀಲ ಅಯ್ಯನವರು ಕೈಯೆತ್ತಿ ಸ್ತೋತ್ರ ಹೇಳಿದರು. ಗಂಡಸರು ಸಾಲಾಗಿ ಬಂದು ನನ್ನ ಕೈ ಕುಲುಕಿದರು. ಟೈಲರ್ ಅಬೇಲ ಕೂಡ ಕುಲುಕಿದ. ಅವನ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ಪುಸ್ತಕದಲ್ಲಿ ಅಪ್ಪನ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದೆ. ತಲೆಯೆತ್ತಿ ನೋಡಿದರೆ ಹೆಂಗಸರ ಸಾಲಿನಲ್ಲಿ ಅಮ್ಮನ ಜಾಗ ಖಾಲಿಯಾಗಿತ್ತು. ಆಶೀರ್ವಾದಕ್ಕೂ ನಿಲ್ಲದೆ ಮನೆಗೆ ಹೋಗಿದ್ದಳು. ಸಂತೋಷ ತಡೆಯಲಾರದೆ ಎದ್ದುಹೋದಳು ಎಂದು ಎಲ್ಲರಿಗೂ ನಾನೇ ಹೇಳಿದೆ.

ಮಾರನೆಯ ದಿನದಿಂದ ಅಮ್ಮ ಬದಲಾದಳು. ಮಾತ್ರೆಗಳನ್ನು ಗಡಿಯಾರ ನೋಡಿಕೊಂಡು ನುಂಗತೊಡಗಿದಳು. ಇನ್ನೂ ಜೋರಾದ ಮಾತ್ರೆ ಇದೆಯಾ ಕೇಳು ಎಂದು ನನ್ನನ್ನು ಡಾಕ್ಟರ ಹತ್ತಿರ ಕಳಿಸಿದಳು. ನೋಡಿದಿರಾ, ಗಂಡ ಪರಲೋಕದಲ್ಲಿದ್ದಾನೆಂದು ತಿಳಿದ ಮೇಲೆ ಬದುಕಿನ ಮೇಲೆ ಹೇಗೆ ಆಸೆ ಹುಟ್ಟಿತು ಎಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದೆ. ಅದರಲ್ಲಿ ತರ್ಕವೇ ಇಲ್ಲ ಎಂದು ಗಣಿತ ಕಲಿಸುವ ನನಗೆ ಹೊಳೆಯಲಿಲ್ಲ. ಆಮೇಲೆ ಅವಳು ಮಲಗುವುದನ್ನೇ ಬಿಟ್ಟಳು. ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತುಬಿಟ್ಟಳು. ತೂಕಡಿಕೆ ಬಂದರೆ ತಲೆ ಕೊಡವಿ ಏಳುವಳು. ಹಾಸಿಗೆಗೆ ಬಾ ಎಂದರೆ, “ಮಲಗಿದ್ರೆ ಹೋಗಿಬಿಡ್ತೀನಿ” ಎನ್ನುವಳು. ಹತ್ತು ದಿನದಲ್ಲಿ ಎರಡೂ ಕಾಲು ಬಾತು ಕಂಬವಾದವು. ಡಾಕ್ಟರು ಬಂದು, “ಹೀಗೇ ಕೂತಿದ್ರೆ ಎದೆಗೆ ನೀರು ತುಂಬ್ಕೊಳ್ಳುತ್ತೆ. ಹೇಗಾದ್ರೂ ಮಾಡಿ ಮಲಗಿಸಿ, ಇಲ್ಲಾಂದ್ರೆ ನನ್ನನ್ನ ಕೇಳ್ಬೇಡಿ” ಎಂದರು.

ಅಯ್ಯನವರನ್ನು ಕರೆತಂದೆ. ಅಮ್ಮ ಅವರನ್ನು ಹತ್ತಿರ ಕರೆದು, “ಅಲ್ಲಿ ಬೇರೆ ಬೇರೆ ಮನೆ ಕೊಡ್ತಾರಾ ಅಯ್ಯನವರೇ, ಅಥವಾ ಗಂಡ ಹೆಂಡತೀನ ಒಟ್ಟಿಗೇ ಇಡ್ತಾರಾ?” ಎಂದು ಕೇಳಿದಳು. ಅಯ್ಯನವರಿಗೆ ಹೃದಯ ತುಂಬಿ ಬಂತು. ಅವಳ ಕೈ ಹಿಡಿದು, “ಒಟ್ಟಿಗೇ ಇರ್ತೀರಿ ದೊರ್ಕಮ್ಮನವರೇ. ಇನ್ನು ಯುಗಯುಗಕ್ಕೂ ನಿಮ್ಮಿಬ್ಬರನ್ನ ಯಾರೂ ಅಗಲಿಸೋ ಹಾಗಿಲ್ಲ” ಎಂದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಯ್ಯನವರೂ ಕಣ್ಣೊರೆಸಿಕೊಂಡರು. ಈ ಸಂಗತಿಯನ್ನು ಮುಂದಿನ ಭಾನುವಾರದ ಪ್ರಸಂಗದಲ್ಲಿ ಹೇಳಬೇಕು ಎಂದು ನಾನೇ ಅವರಿಗೆ ಸಲಹೆ ಕೊಟ್ಟೆ.

ಅವಳು ಮಲಗುವುದು ಬಿಟ್ಟ ಹನ್ನೆರಡನೆಯ ದಿನ ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದಾಗ ಎರಡು ಗಂಟೆ. ಬೀದಿ ನಿಶ್ಶಬ್ದವಾಗಿತ್ತು. ಸಲೋಮಿ ಒಳಕೋಣೆಯಲ್ಲಿ ಮಲಗಿದ್ದಳು. ವಿಮಲಾ ಅಮ್ಮನ ಕಾಲನ್ನು ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಇಟ್ಟು ಒತ್ತುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಪಿಸುದನಿಯಲ್ಲಿ, “ಅಮ್ಮ, ಅಪ್ಪ ನಿನಗೋಸ್ಕರ ಕಾಯ್ತಿದಾರಲ್ಲ, ಇನ್ಯಾಕೆ ಭಯ?” ಎಂದೆ.

“ಅದೇ ಕಣೋ ಭಯ” ಎಂದಳು ಅಮ್ಮ.

ನನಗೆ ಅರ್ಥವಾಗಲಿಲ್ಲ. ಅವಳೇ ಮುಂದುವರಿಸಿದಳು. “ದಿನಾ ಸಾಯಂಕಾಲದ ಪ್ರಾರ್ಥನೆ ನೆನಪಿದೆಯಾ ನಿಂಗೆ?”

ನೆನಪಿಲ್ಲದೆ ಏನು? ಅಪ್ಪನ ಸಮಾಧಿಯ ಬಳಿ ನಿಂತು ನಾನೇ ಅದನ್ನು ಹೇಳಿದ್ದೆ. ನನ್ನ ತಂದೆ ಒಂದು ದಿನವೂ ನನ್ನ ತಾಯಿಯ ಹೆಸರು ಹಿಡಿದು ಪ್ರಾರ್ಥಿಸದೆ ಊಟಕ್ಕೆ ಕೂತವರಲ್ಲ ಎಂದು. ಎಲ್ಲರೂ ಅತ್ತಿದ್ದರು.

“ಕರ್ತನೇ, ನಿನ್ನ ದಾಸಿ ದೊರ್ಕಳನ್ನ ಕ್ಷಮಿಸು, ಇವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಕರ್ತನೇ, ಬಾವಿಕಟ್ಟೆ ಹತ್ರ ನಿಂತು ಹಲ್ಲು ಕಿರಿದಳು. ಕರ್ತನೇ, ತವರಿಗೆ ನನ್ನ ಕೇಳದೆ ಕಾಗದ ಬರೆದಳು.” ಅಮ್ಮ ಅಪ್ಪನ ಧ್ವನಿಯನ್ನು ಹಾಗೇ ತೆಗೆದಳು, ವಿಮಲಾಳ ಕೈ ನಿಂತುಹೋಯಿತು. “ದಿನಾ. ನಲವತ್ತೊಂದು ವರ್ಷ. ನಿಮ್ಮೆಲ್ಲರ ಮುಂದೆ. ನೀವು ಮಕ್ಕಳು ಕಡೆಗೆ ಆಮೆನ್ ಅಂತಿದ್ರಿ. ನೀನೇ ಎಲ್ಲರಿಗಿಂತ ಗಟ್ಟಿಯಾಗಿ ಅಂತಿದ್ದೆ.”

ಅಂದಿದ್ದೆ. ಆಮೆನ್ ಎಂದ ಮೇಲೆ ಊಟ ಬರುತ್ತಿತ್ತು, ನನಗೆ ಹಸಿವಾಗಿರುತ್ತಿತ್ತು. ಅಷ್ಟೇ ನನಗೆ ನೆನಪಿದ್ದದ್ದು.

“ಹೋದ ಮೇಲೆ ಒಂಬತ್ತು ವರ್ಷ ಯಾವ ಮಗೂಗೂ ಕಾಣಲಿಲ್ಲ. ನಾನು ಎಷ್ಟು ಹಗುರಾಗಿದ್ದೆ ಗೊತ್ತಾ? ಅಲ್ಲಾದ್ರೂ ಇರಲ್ಲ ಅಂತ. ಪ್ರತಿ ಭಾನುವಾರ ನೀನು ಹೆಸರು ಓದೋವಾಗ, ದೇವರೇ ಅವರ ಹೆಸರು ಬರದೇ ಇರ್ಲಿ ಅಂತ ಪ್ರಾರ್ಥನೆ ಮಾಡ್ತಿದ್ದೆ. ಗಂಡ ಪರಲೋಕ ಸೇರದೇ ಇರ್ಲಿ ಅಂತ ಕೇಳ್ಕೊಂಡವಳನ್ನ ಅಲ್ಲಿ ಒಳಗೆ ಬಿಡ್ತಾರಾ, ನೀನೇ ಹೇಳು. ಬಿಟ್ರೂ ಕಷ್ಟ. ಬಾಗಿಲಲ್ಲೇ ನಿಂತು ಈ ಒಂಬತ್ತು ವರ್ಷದ್ದೆಲ್ಲ ಒಟ್ಟಿಗೆ ಒಪ್ಪಿಸ್ತಾರೆ.” ಅವಳು ನನ್ನ ತೋಳು ಹಿಡಿದಳು. “ನಂಗೆ ಸಾಯಕ್ಕೆ ಭಯ ಕಣೋ ನೆಹೆಮೀಯ. ಯಾವತ್ತೂ ಇರಲಿಲ್ಲ.”

ಇಪ್ಪತ್ತೆರಡು ವರ್ಷ ಊರ ಮಕ್ಕಳನ್ನೆಲ್ಲ ಪ್ರಶ್ನೆ ಕೇಳಿದವನು ಮನೆಯಲ್ಲಿದ್ದ ಒಬ್ಬ ಮುದುಕಿಯನ್ನು ಏನೂ ಕೇಳಿರಲಿಲ್ಲ. “ಅಮ್ಮ, ಅದು ಸುಳ್ಳು” ಎಂದೆ. “ಸಲೋಮಿ ಅಪ್ಪನ್ನ ನೋಡಿಲ್ಲ. ನಾನೇ ಹೇಳಿಕೊಟ್ಟೆ. ಕೋಟು, ಕೀರ್ತನೆ, ಸುಣ್ಣ, ಎಲ್ಲಾ ನಾನೇ ಹೇಳಿಕೊಟ್ಟಿದ್ದು.”

ಅಮ್ಮ ಬೈಯುತ್ತಾಳೆ, ಅಳುತ್ತಾಳೆ, ಹೊಡೆದರೂ ಹೊಡೆದಾಳು ಎಂದುಕೊಂಡಿದ್ದೆ. ಅವಳು ಮೆಲ್ಲಗೆ, “ನಿಮ್ಮಪ್ಪನ ಮಗನೇ ಕಣೋ ನೀನು” ಎಂದಳು. ಹೊಡೆದಿದ್ದರೆ ವಾಸಿಯಿತ್ತು. ನೀರಿನಿಂದ ಕಾಲು ತೆಗೆದು, “ಈಗ ಅದು ಸುಳ್ಳು ಅಂತೀಯ. ನನ್ನ ಮಲಗಿಸಕ್ಕೆ ಇದನ್ನ ಹೇಳ್ತಿದೀಯೋ, ನಿಜವಾಗ್ಲೂ ಅವತ್ತು ಅದನ್ನ ನೀನೇ ಹೇಳಿಸಿದ್ಯೋ, ಯಾವುದನ್ನ ನಂಬಲಿ? ಮಗು ಎದ್ದ ಮೇಲೆ ನಾನೇ ಕೇಳ್ತೀನಿ. ನೀನು ಬಾಯಿ ಮುಚ್ಕೊಂಡು ಮೂಲೇಲಿ ಕೂತಿರು” ಎಂದಳು.

ಮುಂದಿನ ಭಾನುವಾರ ನಾನು ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಂಡು, ಕೆಂಪು ಶಾಯಿಯ ಹೆಸರನ್ನು ಹೊಡೆದುಹಾಕಿ, ಪುಸ್ತಕವನ್ನು ಅಯ್ಯನವರ ಕೈಗೆ ಕೊಟ್ಟೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಧೈರ್ಯವನ್ನು ಹೊಗಳಿಕೊಂಡು ಕಥೆ ಮುಗಿಸುವ ಆಸೆ ಬರುತ್ತದೆ. ಧೈರ್ಯವೇನೂ ಅಲ್ಲ, ಪುಸ್ತಕ ಕೊಡುವಾಗ ಅಬೇಲ ಎದ್ದು ಬಂದು ನನ್ನ ತೋಳು ಹಿಡಿದುಕೊಳ್ಳಬೇಕಾಯಿತು.

ಆ ಶನಿವಾರ ಮೂರು ಗಂಟೆಗೆ ಸಲೋಮಿ ಕಣ್ಣುಜ್ಜಿಕೊಂಡು ಹೊರಗೆ ಬಂದಳು. ಹಲ್ಲು ಒಂದು ಎಳೆಯಲ್ಲಿ ನೇತಾಡುತ್ತಿತ್ತು. ಆ ಹಲ್ಲು ಬಿದ್ದುಬಿಟ್ಟರೆ ಅಮ್ಮನಿಗೆ ಇನ್ನಾರು ದಿಕ್ಕು ಎಂದುಕೊಳ್ಳುತ್ತಾ ನಾನು ಮೂಲೆಯಲ್ಲಿ ಕೂತೆ. ವಿಮಲಾ ಅವಲಕ್ಕಿಯನ್ನು ಹಾಲಿನಲ್ಲಿ ಮೆತ್ತಗೆ ನೆನೆಸಿ ತಂದುಕೊಟ್ಟಳು. ಅಮ್ಮ ಮೊಮ್ಮಗಳು ಅದನ್ನು ಪೂರ್ತಿ ತಿನ್ನುವವರೆಗೆ ಕಾದಳು. ನಾನು ಎಂದೂ ಹಾಗೆ ಕಾದವನಲ್ಲ.

“ಸಲೂ, ಅವತ್ತು ಚರ್ಚಲ್ಲಿ ಹೇಳಿದ್ದನ್ನ ಯಾರು ಹೇಳಿಕೊಟ್ಟಿದ್ದು?”

“ಅಪ್ಪ.”

“ಅಜ್ಜನ್ನ ನೀನು ನೋಡೇ ಇಲ್ವಾ ಹಾಗಾದ್ರೆ?”

“ನೋಡಿದೀನಿ” ಎಂದಳು ಸಲೋಮಿ, ತಟ್ಟೆಯ ಅಂಚಿಗೆ ಅಂಟಿದ್ದನ್ನು ಬೆರಳಲ್ಲಿ ಬಳಿಯುತ್ತಾ. “ದಿನಾ ನೋಡ್ತೀನಿ. ಅಪ್ಪ ಒಳಗೆ ಯಾರಿದ್ರು ಅಂತ ಕೇಳ್ತಾರೆ. ಅಜ್ಜ ಒಳಗಿಲ್ಲ. ಹೊರಗಡೆ ಮೆಟ್ಟಿಲ ಮೇಲೆ ಕೂತಿರ್ತಾರೆ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು.”

ಅಮ್ಮ ಕುರ್ಚಿಯ ಕೈ ಬಿಗಿಯಾಗಿ ಹಿಡಿದಳು. “ಯಾಕಂತೆ?”

“ಬಾಗಿಲಲ್ಲಿ ಒಬ್ರು ಆಂಟಿ ಇದಾರೆ. ‘ನಿಮ್ಮ ಮನೆಯವರು ಬರ್ಲಿ, ಅವರು ಹೂಂ ಅಂದ್ರೆ ಬಿಡ್ತೀವಿ, ಅಲ್ಲೀವರೆಗೂ ಇಲ್ಲೇ ಕೂತಿರಿ’ ಅಂದ್ರಂತೆ. ಅಜ್ಜ ನನ್ನ ನೋಡಿದಾಗೆಲ್ಲ ‘ನಿಮ್ಮಜ್ಜಿ ಯಾವಾಗ ಬರ್ತಾಳೆ, ಏನಾದ್ರೂ ಅಂದ್ಲಾ’ ಅಂತ ಕೇಳ್ತಾರೆ. ಜೋರಾಗಿ ಕೇಳಲ್ಲ. ಮೆಲ್ಲಗೆ ಕೇಳ್ತಾರೆ.”

ಇದು ನಿಜವೋ, ಅಜ್ಜಿಯ ಬಾತ ಕಾಲು ನೋಡಿ ಮಗು ಆಗಷ್ಟೇ ಹೆಣೆದದ್ದೋ ನನಗೆ ತಿಳಿಯದು. ಬೇರೆ ಯಾವ ಮಗುವಾಗಿದ್ದರೂ ಒಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದೆ. ಈ ಮಗುವಿಗೆ ಮಾತ್ರ ಸುಳ್ಳು ಹೇಗಿದ್ದರೆ ನಿಜದಂತೆ ಕೇಳಿಸುತ್ತದೆ ಎಂದು ನಾಲ್ಕು ದಿನ ಕೂತು ಕಲಿಸಿದವನು ನಾನು. ಕೈಯಲ್ಲಿ ಚಪ್ಪಲಿ ಹಿಡಿದ ಅಪ್ಪನನ್ನು ನೆನೆದು ನನಗೆ ಅಳು ಬಂತು. ನಗುವೂ ಬಂತು. ಅಮ್ಮ ಹೇಳಿದ್ದಳಲ್ಲ ಎಂದು ಎರಡಕ್ಕೂ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಅಮ್ಮ ಅಳಲಿಲ್ಲ. ಹೊರಗೆ ಗಿರಣಿ ಶುರುವಾಗಿತ್ತು. ಅವಳು ವಿಮಲಾಳ ಭುಜ ಹಿಡಿದು ಎದ್ದು, ಒಂದೊಂದೇ ಹೆಜ್ಜೆ ಇಟ್ಟು ಒಳಕೋಣೆಗೆ ಹೋಗಿ, ಮೊಮ್ಮಗಳು ಎದ್ದುಬಂದಿದ್ದ ಹಾಸಿಗೆಯ ಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗಿದಳು. ಹನ್ನೆರಡು ದಿನದ ಮೇಲೆ ಅವಳ ಬೆನ್ನು ನೆಲ ಕಂಡಿತು. ವಿಮಲಾ ಕಾಲಿನ ಕೆಳಗೆ ದಿಂಬು ಇಟ್ಟಳು. ಸಲೋಮಿ ಬಾಗಿಲಲ್ಲಿ ನಿಂತು, “ನಾಳೆ ಅಜ್ಜ ಕೇಳಿದ್ರೆ ಏನಂತ ಹೇಳ್ಲಿ ಅಜ್ಜಿ?” ಎಂದಳು.

“ಕೂತಿರ್ಲಿ ಅನ್ನು” ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ. “ನಾನು ಬರೋವರೆಗೂ ಕೂತಿರ್ಲಿ. ಬಂದ್ಮೇಲೂ ಸ್ವಲ್ಪ ಹೊತ್ತು ಕೂತಿರ್ಲಿ. ಆಮೇಲೆ ನೋಡೋಣ.”